ಗೆದ್ದವರ ಹೆಸರು, ಒಡೆಯರ ಹೆಸರು

ಕಳೆದ ವರ್ಷ ದೀಪಾವಳಿ ಕಳೆದ ಮೇಲೆ ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಲ್ಲಿ ವಿದ್ಯಾರ್ಥಿಗಳಿಗಾಗಿ ಒಂದು ಭಾಷಣ ಸ್ಪರ್ಧೆ ನಡೆಯಿತು. ತೀರ್ಪುಗಾರರು ಮೂವರು; ಅವರಲ್ಲಿ ನಾನೂ ಒಬ್ಬ. ಕನ್ನಡದ ಮೇಷ್ಟ್ರಾದವನಿಗೆ ಇಂಥ ಆಹ್ವಾನಗಳು ತಪ್ಪುವುದಿಲ್ಲ. ಶಾಲು ಹೊದೆಸುತ್ತಾರೆ, ಹಣ್ಣು ಕೊಡುತ್ತಾರೆ. ಮಕ್ಕಳ ಉಚ್ಚಾರಣೆ ಚೆನ್ನಾಗಿತ್ತೆಂದು ನಾವು ನಾಲ್ಕು ಮಾತಾಡಿ ಬಸ್ಸು ಹಿಡಿಯುತ್ತೇವೆ. ಆ ದಿನದ ವಿಷಯ 'ನಾನು ಮೆಚ್ಚಿದ ಕ್ರೀಡಾಪಟು'. ನಿರೀಕ್ಷೆಯಂತೆ ಬಂದವರೆಲ್ಲ ಕ್ರಿಕೆಟ್ ವೀರರನ್ನೇ ಹಿಡಿದು ಬಂದಿದ್ದರು. ಶತಕಗಳ ಲೆಕ್ಕ ಕೇಳಿ ಕೇಳಿ ನಮಗೆ ತೂಕಡಿಕೆ ಬರುವ ಹೊತ್ತಿಗೆ ಒಬ್ಬ ಹುಡುಗಿ ಎದ್ದುನಿಂತು, ನಾವಾರೂ ನಿರೀಕ್ಷಿಸದ ಒಂದು ಹೆಸರು ಹೇಳಿದಳು: ಕ್ರಿಸ್ಟಲ್ ಕ್ರಾಂಟ್ಸ್. ಎರಡು ಮಹಾಯುದ್ಧಗಳ ನಡುವಣ ಕಾಲದ ಜರ್ಮನಿಯ ಹಿಮಪರ್ವತಗಳ ಸ್ಕೀ ಓಟಗಾರ್ತಿ.

ಹಿಮವನ್ನು ಚಿತ್ರದಲ್ಲಲ್ಲದೆ ಬೇರೆಲ್ಲೂ ಕಾಣದ ಹುಡುಗಿ ಇವಳನ್ನು ಏಕೆ ಆರಿಸಿಕೊಂಡಳು? ಕಾರಣವನ್ನು ಅವಳೇ ಹೇಳಿದಳು. ಚಿಕ್ಕಂದಿನಲ್ಲಿ ಅಡಿಕೆ ಹಾಳೆಯ ಮೇಲೆ ಕುಳಿತು ತೋಟದ ಏರಿಯಿಂದ ಕೆಳಕ್ಕೆ ಜಾರುವಾಗ ತನ್ನನ್ನು ಹಿಂದಿಕ್ಕಿದವರು ಯಾರೂ ಇರಲಿಲ್ಲವಂತೆ. ಜಾರುವುದೂ ಒಂದು ವಿದ್ಯೆ, ಅದಕ್ಕೂ ಜಗತ್ತಿನ ಪದಕಗಳಿವೆ ಎಂದು ತಿಳಿದ ದಿನ ಈ ಹೆಸರು ಸಿಕ್ಕಿತಂತೆ. ಸಭೆ ನಕ್ಕಿತು. ಆರು ನಿಮಿಷ ಆಕೆಯ ಗೆಲುವುಗಳನ್ನು ಬಣ್ಣಿಸಿದ ಹುಡುಗಿ ಕೊನೆಯ ಎರಡು ನಿಮಿಷ ಬೇರೊಂದು ದಾರಿ ಹಿಡಿದಳು. ಆಕೆ ಗೆದ್ದ ಒಲಿಂಪಿಕ್ ಪಂದ್ಯಗಳನ್ನು ಉದ್ಘಾಟಿಸಿದವನು ಹಿಟ್ಲರ್. ಆ ಪದಕ ಯಾರ ಕೆಲಸಕ್ಕೆ ಬಂತು ಎಂಬುದನ್ನು ಯೋಚಿಸದೆ ತಾನು ಆಕೆಯನ್ನು ಮೆಚ್ಚಲಾರೆ. ಯೋಚಿಸಿದ ಮೇಲೂ ಮೆಚ್ಚದೆ ಇರಲಾರೆ ಎಂದು ಹೇಳಿ ಕುಳಿತಳು.

ಆ ದಿನ ಕೇಳಿದ ಮಾತುಗಳಲ್ಲಿ ಪ್ರಾಮಾಣಿಕವಾದದ್ದು ಅದೊಂದೇ. ಆದರೆ ನನ್ನ ಜೊತೆಯ ತೀರ್ಪುಗಾರರೊಬ್ಬರು ಅವಳಿಗೆ ತೀರ ಕಡಿಮೆ ಅಂಕ ಕೊಟ್ಟರು. ಆಟದ ವಿಷಯದಲ್ಲಿ ರಾಜಕೀಯ ತಂದಳು. ಸತ್ತವಳ ಮೇಲೆ ಕೆಸರೆರಚಿದಳು. ಮಕ್ಕಳ ಬಾಯಲ್ಲಿ ಇಂಥ ಮಾತು ಬರಬಾರದು, ಸ್ಫೂರ್ತಿಯ ಮಾತು ಬರಬೇಕು, ಎಂದು ಮುಂತಾಗಿ ಅವರ ವಾದ. ಹುಡುಗಿಗೆ ಬಹುಮಾನ ಬರಲಿಲ್ಲ. ಬಹುಮಾನ ತಪ್ಪಿದ್ದು ದೊಡ್ಡ ಮಾತಲ್ಲ. ತಪ್ಪಿದ ಕಾರಣ ದೊಡ್ಡ ಮಾತು. ಏಕೆಂದರೆ ಅದು ಆ ಮಹನೀಯರೊಬ್ಬರ ಅಭಿಪ್ರಾಯವಲ್ಲ. ನಮ್ಮಲ್ಲಿ ಕ್ರೀಡಾಪಟುಗಳನ್ನು ಕುರಿತು ಬರುವ ಪುಸ್ತಕಗಳು, ಸನ್ಮಾನ ಪತ್ರಗಳು, ಆಕಾಶವಾಣಿಯ ಭಾಷಣಗಳು ಎಲ್ಲವೂ ಈ ಒಂದೇ ನಂಬಿಕೆಯ ಮೇಲೆ ನಿಂತಿವೆ: ಆಟಕ್ಕೂ ರಾಜಕೀಯಕ್ಕೂ ಸಂಬಂಧವಿಲ್ಲ, ಆದುದರಿಂದ ಆಟಗಾರನ ಜೀವನ ಬರೆಯುವವನು ಪದಕಗಳನ್ನು ಎಣಿಸಿ, ತಾಯಿಯ ಕಣ್ಣೀರನ್ನು ವರ್ಣಿಸಿ, ಕೈಮುಗಿದು ಮುಗಿಸತಕ್ಕದ್ದು. ಈ ನಂಬಿಕೆ ತಪ್ಪು ಎಂಬುದು ನನ್ನ ವಾದ. ತಪ್ಪು ಮಾತ್ರವಲ್ಲ, ಅದು ಕನ್ನಡದ್ದೂ ಅಲ್ಲ. ಕ್ರಾಂಟ್ಸಳ ಜೀವನವನ್ನೇ ಇಟ್ಟುಕೊಂಡು ಇದನ್ನು ತೋರಿಸಬಹುದು.

ಮೊದಲು ಆಕೆಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡೋಣ. ಕ್ರಿಸ್ಟಲ್ ಕ್ರಾಂಟ್ಸ್ ಹುಟ್ಟಿದ್ದು 1914ರ ಜುಲೈ 1ರಂದು, ಬೆಲ್ಜಿಯಮ್ಮಿನ ಬ್ರಸೆಲ್ಸ್ ನಗರದಲ್ಲಿ. ಆ ದಿನಾಂಕವನ್ನು ನೋಡಿ. ಮೂರು ದಿನಗಳ ಹಿಂದೆ ಸಾರಾಯೆವೊದಲ್ಲಿ ಆಸ್ಟ್ರಿಯದ ಯುವರಾಜನಿಗೆ ಗುಂಡು ಬಿದ್ದಿತ್ತು. ಕೂಸಿಗೆ ಇನ್ನೂ ಕತ್ತು ನಿಲ್ಲುವ ಮೊದಲೇ ಯುದ್ಧ ಬಂತು. ಜರ್ಮನ್ ಕುಟುಂಬ ಬೆಲ್ಜಿಯಂ ಬಿಟ್ಟು ರಾಯ್ಟ್‌ಲಿಂಗೆನ್ ಊರಿಗೆ ಹೋಯಿತು. ಮುಂದೆ ಆಕೆ ಫ್ರೈಬುರ್ಗಿನ ಸ್ಕೀ ಸಂಘದವಳಾಗಿ ಹೆಸರಾದಳು.

ಸ್ಕೀ ಓಟವೆಂದರೇನೆಂದು ನಮ್ಮ ಕಡೆಯ ವಾಚಕರಿಗೆ ಎರಡು ಮಾತು. ಇಳಿಜಾರಿನ ಓಟದಲ್ಲಿ ಮುಖ್ಯವಾದವು ಎರಡು ಬಗೆ. ಒಂದು, ಬೆಟ್ಟದ ಮೇಲಿಂದ ಬುಡದವರೆಗೆ ಉಸಿರು ಬಿಗಿಹಿಡಿದು ಸುರಿದುಬರುವ ನೇರ ಇಳಿತ; ಇಲ್ಲಿ ವೇಗವೂ ಎದೆಗಾರಿಕೆಯೂ ಮುಖ್ಯ. ಇನ್ನೊಂದು ಸ್ಲಾಲಂ, ಒತ್ತೊತ್ತಾಗಿ ನೆಟ್ಟ ಗಳುಗಳ ನಡುವೆ ಎಡಕ್ಕೂ ಬಲಕ್ಕೂ ತಿರುತಿರುಗಿ ನುಸುಳಿ ಬರಬೇಕು, ಇಲ್ಲಿ ಕಾಲಿನ ಬುದ್ಧಿ ಮುಖ್ಯ. ಎರಡರ ಅಂಕಗಳನ್ನು ಕೂಡಿಸಿದರೆ ಅದು ಸಂಯುಕ್ತ ಸ್ಪರ್ಧೆ.

1934ರಿಂದ 1939ರವರೆಗಿನ ವಿಶ್ವ ಪಂದ್ಯಗಳಲ್ಲಿ ಕ್ರಾಂಟ್ಸ್ ಗೆದ್ದ ಚಿನ್ನದ ಪದಕಗಳು 12, ಬೆಳ್ಳಿ 3. 1937ರಲ್ಲಿ ಫ್ರಾನ್ಸಿನ ಶಾಮೊನಿಯಲ್ಲಿ ಇದ್ದ ಮೂರು ಸ್ಪರ್ಧೆಗಳಲ್ಲಿ ಮೂರನ್ನೂ ಗೆದ್ದಳು. 1939ರಲ್ಲಿ ಪೋಲೆಂಡಿನ ಜಕೊಪಾನೆಯಲ್ಲಿ ಮತ್ತೆ ಮೂರಕ್ಕೆ ಮೂರು. ಆಗಿನ ಕಾಲದಲ್ಲಿ ಈ ಪಂದ್ಯಗಳು ವರ್ಷಕ್ಕೊಮ್ಮೆ ನಡೆಯುತ್ತಿದ್ದವು, ಸ್ಪರ್ಧಿಗಳೂ ಈಗಿನಷ್ಟಿರಲಿಲ್ಲ ಎನ್ನಬಹುದು, ಒಪ್ಪಿದೆ. ಆದರೂ 2025ರಲ್ಲಿ ಅಮೆರಿಕದ ಮಿಕೇಲಾ ಶಿಫ್ರಿನ್ ಒಟ್ಟು 15 ಪದಕಗಳ ಲೆಕ್ಕದಲ್ಲಿ ಆಕೆಗೆ ಸಮನಾದಾಗಲೂ ಆ 12 ಚಿನ್ನದ ಲೆಕ್ಕ ಹಾಗೆಯೇ ಉಳಿಯಿತು.

ಇನ್ನು 1936ರ ಫೆಬ್ರವರಿ. ಬವೇರಿಯದ ಗಾರ್ಮಿಶ್-ಪಾರ್ಟೆನ್‌ಕಿರ್ಶೆನ್ ಊರಿನಲ್ಲಿ ಚಳಿಗಾಲದ ಒಲಿಂಪಿಕ್ ಪಂದ್ಯಗಳು. ಇಳಿಜಾರಿನ ಓಟಕ್ಕೆ ಒಲಿಂಪಿಕ್ಕಿನಲ್ಲಿ ಮಣೆ ಹಾಕಿದ್ದು ಅದೇ ಮೊದಲು. ಗಂಡಸರಿಗೊಂದು, ಹೆಂಗಸರಿಗೊಂದು ಸಂಯುಕ್ತ ಸ್ಪರ್ಧೆ ಇತ್ತು. ಮೊದಲ ದಿನದ ನೇರ ಇಳಿತದಲ್ಲಿ ಕ್ರಾಂಟ್ಸ್ ಬಿದ್ದಳು. ಎದ್ದು ಓಟ ಮುಗಿಸಿ ಆರನೆಯವಳಾದಳು. ಆ ದಿನ ಗೆದ್ದವಳು ನಾರ್ವೆಯ ಹದಿನಾರು ವರ್ಷದ ಹುಡುಗಿ ಲೈಲಾ ಸ್ಕೌ ನಿಲ್ಸನ್. ಮರುದಿನದ ಸ್ಲಾಲಮ್ಮಿನಲ್ಲಿ ಕ್ರಾಂಟ್ಸ್ ಎರಡು ಸರದಿಗಳಲ್ಲೂ ಎಲ್ಲರನ್ನೂ ದೂರ ಹಿಂದಿಕ್ಕಿ, ಆರನೆಯ ಸ್ಥಾನದಿಂದ ಮೊದಲನೆಯ ಸ್ಥಾನಕ್ಕೆ ಏರಿದಳು. ಬೆಳ್ಳಿ ಜರ್ಮನಿಯವಳೇ ಆದ ಕೇಟೆ ಗ್ರಾಸೆಗ್ಗರಳಿಗೆ, ಕಂಚು ನಿಲ್ಸನ್ನಳಿಗೆ. ಬಿದ್ದು ಎದ್ದವಳ ಈ ಕಥೆಯನ್ನು ಯಾವ ಶಾಲೆಯಲ್ಲಿ ಬೇಕಾದರೂ ಹೇಳಬಹುದು, ನಾನೂ ಹೇಳುತ್ತೇನೆ.

ನಮ್ಮ ಮಾದರಿಯ ಜೀವನಚರಿತ್ರೆ ಇಲ್ಲಿಗೆ ಮುಗಿಯುತ್ತದೆ. ಬಾಳು ಮುಗಿಯುವುದಿಲ್ಲ.

ಆ ಊರಿಗೆ ಬರುವ ದಾರಿಗಳಲ್ಲಿ ಯಹೂದಿಗಳಿಗೆ ಇಲ್ಲಿ ಸ್ವಾಗತವಿಲ್ಲ ಎಂಬ ಅರ್ಥದ ಫಲಕಗಳಿದ್ದವು. ಪಂದ್ಯಗಳಿಗೆ ಮುಂಚೆ, ಪರದೇಶದ ಅತಿಥಿಗಳ ಕಣ್ಣಿಗೆ ಬೀಳದಂತೆ, ಅವನ್ನು ತೆಗೆಸಿದರು. ಯಹೂದಿಗಳ ಪೌರತ್ವವನ್ನು ಕಿತ್ತುಕೊಂಡ ನ್ಯೂರೆಂಬರ್ಗ್ ಶಾಸನಗಳು ಬಂದು ಆಗ ಐದು ತಿಂಗಳಾಗಿತ್ತಷ್ಟೆ. ಲೋಕದ ಬಾಯಿ ಮುಚ್ಚಿಸಲು ಹಿಮದ ಹಾಕಿ ತಂಡಕ್ಕೆ ರೂಡಿ ಬಾಲ್ ಎಂಬ ಯಹೂದಿ ಮೂಲದ ಆಟಗಾರನೊಬ್ಬನನ್ನು ಸೇರಿಸಿಕೊಂಡರು. ಫೆಬ್ರವರಿ 16ರಂದು ಪಂದ್ಯಗಳು ಮುಗಿದವು. ಬಂದವರು ಜರ್ಮನಿಯ ಅಚ್ಚುಕಟ್ಟನ್ನು ಹೊಗಳುತ್ತ ಮನೆಗೆ ಹೋದರು. ಮಾರ್ಚ್ 7ರಂದು, ಎಂದರೆ ಸರಿಯಾಗಿ 20 ದಿನಗಳ ಮೇಲೆ, ಹಿಟ್ಲರನ ಸೈನ್ಯ ಒಪ್ಪಂದ ಮುರಿದು ರೈನ್‌ಲ್ಯಾಂಡಿಗೆ ನುಗ್ಗಿತು. ಆಟಕ್ಕೂ ರಾಜಕೀಯಕ್ಕೂ ಸಂಬಂಧವಿಲ್ಲವೆಂದು ಹೇಳುವವರು ಈ 20 ದಿನಗಳ ಲೆಕ್ಕವನ್ನು ನನಗೆ ಬಿಡಿಸಿ ಹೇಳಬೇಕು. ಸಂಬಂಧ ಇರಬಾರದು ಎನ್ನುವುದು ಒಂದು ಆಸೆ. ಸಂಬಂಧ ಇಲ್ಲ ಎನ್ನುವುದು ಒಂದು ಸುಳ್ಳು. ಆಸೆಯನ್ನು ಸುಳ್ಳಿನ ಜಾಗದಲ್ಲಿ ಕೂರಿಸುವುದು ನಮ್ಮ ಲೇಖಕರ ಹಳೆಯ ಚಾಳಿ.

ಇನ್ನು ಜಕೊಪಾನೆ. 1939ರ ಫೆಬ್ರವರಿಯಲ್ಲಿ ಕ್ರಾಂಟ್ಸ್ ಮೂರು ಚಿನ್ನ ಗೆದ್ದ ಊರು. ಅದೇ ವರ್ಷದ ಸೆಪ್ಟೆಂಬರಿನ ಮೊದಲ ದಿನವೇ ಜರ್ಮನ್ ಸೈನ್ಯ ಆ ಊರನ್ನು ಹಿಡಿಯಿತು. ಚಪ್ಪಾಳೆ ತಟ್ಟಿದ ಜನರ ಬೀದಿಗೆ ಏಳೇ ತಿಂಗಳಲ್ಲಿ ಬೂಟುಗಳು ಬಂದವು. ಆ ಊರಿನ ಸ್ಕೀ ವೀರ ಬ್ರೊನಿಸ್ಲಾವ್ ಚೆಕ್ 1936ರಲ್ಲಿ ಗಾರ್ಮಿಶ್‌ನ ಹಿಮದ ಮೇಲೆ ಪೋಲೆಂಡಿನ ಪರವಾಗಿ ಓಡಿದವನು. 1940ರಲ್ಲಿ ಅವನನ್ನು ಹಿಡಿದು ಪೋಲಿಷ್ ಕೈದಿಗಳ ಮೊದಲ ರೈಲಿನಲ್ಲಿ ಔಷ್‌ವಿಟ್ಸ್‌ಗೆ ಸಾಗಿಸಿದರು. 1944ರಲ್ಲಿ ಅಲ್ಲಿಯೇ ಸತ್ತ. ಅದೇ ಊರಿನ ಓಟಗಾರ್ತಿ ಹೆಲೆನಾ ಮಾರುಸಾರ್ಜುವ್ನಾ, ಕ್ರಾಂಟ್ಸಳಿಗಿಂತ ನಾಲ್ಕು ವರ್ಷ ಕಿರಿಯಳು, ಪೋಲೆಂಡಿನ ಚಾಂಪಿಯನ್. ಯುದ್ಧ ಬಂದಾಗ ತನ್ನ ವಿದ್ಯೆಯನ್ನು ಬೇರೆ ಕೆಲಸಕ್ಕೆ ಹಚ್ಚಿದಳು. ಟಾಟ್ರಾ ಪರ್ವತಗಳನ್ನು ದಾಟಿ ಭೂಗತ ಹೋರಾಟಗಾರರ ಸುದ್ದಿ ಒಯ್ಯುತ್ತಿದ್ದಳು. 1941ರಲ್ಲಿ ಅವಳನ್ನು ಜರ್ಮನ್ನರು ಗುಂಡಿಟ್ಟು ಕೊಂದರು. ಒಂದೇ ಆಟ, ಒಂದೇ ಬೆಟ್ಟಸಾಲು. ಒಬ್ಬಳ ಹೆಸರು ದಾಖಲೆಗಳ ಪುಸ್ತಕದಲ್ಲಿದೆ. ಇನ್ನೊಬ್ಬಳ ಹೆಸರು ಹುತಾತ್ಮರ ಪಟ್ಟಿಯಲ್ಲಿದೆ. ಮೊದಲನೆಯವಳನ್ನು ಕುರಿತು ಬರೆಯುವಾಗ ಎರಡನೆಯವಳ ಹೆಸರನ್ನು ಬಿಡುವುದು ಸ್ಫೂರ್ತಿಯೇ?

ಇಲ್ಲಿ ನನ್ನ ಪ್ರತಿವಾದಿಗಳು ಎದ್ದುನಿಂತು ಕೇಳುತ್ತಾರೆ: ಗಾರ್ಮಿಶ್‌ನಲ್ಲಿ ಗೆದ್ದಾಗ ಅವಳಿಗೆ ಇಪ್ಪತ್ತೊಂದು ವರ್ಷ. ಓಡುವುದು ಬಿಟ್ಟು ಮತ್ತೇನು ಮಾಡಬೇಕಿತ್ತು? ಅವಳೇನು ಯಾರನ್ನಾದರೂ ಕೊಂದಳೆ?

ಪ್ರಶ್ನೆ ನ್ಯಾಯವಾದದ್ದು, ಉತ್ತರವೂ ನ್ಯಾಯವಾಗಿರಬೇಕು. ಕ್ರಾಂಟ್ಸಳ ಬಾಳಿನಲ್ಲಿ ಸುಖವೊಂದೇ ಇರಲಿಲ್ಲ. ಆಕೆಯ ತಮ್ಮ ರೂಡಿಯೂ ಸ್ಕೀ ಓಟಗಾರ. ಅಕ್ಕ ಗೆದ್ದ ಗಾರ್ಮಿಶ್‌ನಲ್ಲಿಯೇ ಅವನೂ ಸ್ಪರ್ಧಿಸಿದ್ದ. 1941ರಲ್ಲಿ ಪೂರ್ವದ ಯುದ್ಧರಂಗದಲ್ಲಿ ಅವನು ಸತ್ತ. ಅದೇ ವರ್ಷ ಆಕೆ ಸ್ಪರ್ಧೆಗಳಿಗೆ ವಿದಾಯ ಹೇಳಿದಳು. 1943ರಲ್ಲಿ ಅಡಾಲ್ಫ್ ಬೊರ್ಷೆರ್ಸ್ ಎಂಬ ವಾಯುಪಡೆಯ ಯೋಧನನ್ನು ಮದುವೆಯಾದಳು. ಯುದ್ಧ ಮುಗಿದ ಮೇಲೆ, ನಾತ್ಸಿ ಆಡಳಿತದೊಡನೆ ಸಹಕರಿಸಿದಳೆಂಬ ಆರೋಪದ ಮೇಲೆ, ಹನ್ನೊಂದು ತಿಂಗಳು ಹೊಲದ ಕೆಲಸ ಮಾಡುವ ಶಿಕ್ಷೆ ಬಂತು. ಆಮೇಲೆ ಗಂಡನೊಡನೆ ಸ್ಟೈಬಿಸ್ ಎಂಬ ಹಳ್ಳಿಯಲ್ಲಿ ಸ್ಕೀ ಶಾಲೆ ನಡೆಸಿ, ನೂರಾರು ಮಕ್ಕಳಿಗೆ ಜಾರುವುದನ್ನೂ ಬಿದ್ದರೆ ಏಳುವುದನ್ನೂ ಕಲಿಸಿ, 2004ರಲ್ಲಿ ತೊಂಬತ್ತು ವರ್ಷದವಳಾಗಿ ತೀರಿಕೊಂಡಳು. ಹನ್ನೆರಡು ಪದಕ, ಹನ್ನೊಂದು ತಿಂಗಳು. ಮೊದಲನೆಯ ಸಂಖ್ಯೆಯನ್ನು ಹೇಳಿ ಎರಡನೆಯದನ್ನು ಬಿಡುವವನು ಭಕ್ತ. ಎರಡನೆಯದನ್ನು ಹೇಳಿ ಮೊದಲನೆಯದನ್ನು ಬಿಡುವವನು ವಕೀಲ. ಜೀವನಚರಿತ್ರಕಾರ ಎರಡನ್ನೂ ಹೇಳುತ್ತಾನೆ.

ಬೇರೇನು ಮಾಡಬಹುದಿತ್ತು ಎಂಬುದಕ್ಕೂ ಒಂದು ಉತ್ತರವಿದೆ. 1936ರಲ್ಲಿ ಗಂಡಸರ ನೇರ ಇಳಿತವನ್ನು ಗೆದ್ದವನು ನಾರ್ವೆಯ ಬಿರ್ಗರ್ ರೂಡ್. ಅವನ ನಾಡನ್ನು ಜರ್ಮನ್ನರು ಹಿಡಿದ ಮೇಲೆ, ಅವರ ಆಶ್ರಯದಲ್ಲಿ ನಡೆಯುವ ಪಂದ್ಯಗಳಲ್ಲಿ ತಾನು ಆಡುವುದಿಲ್ಲವೆಂದ. ಅವನನ್ನು ಗ್ರಿನಿಯ ಸೆರೆಶಿಬಿರಕ್ಕೆ ಹಾಕಿದರು. ಬಿಡುಗಡೆಯಾಗಿ ಬಂದವನು 1948ರ ಒಲಿಂಪಿಕ್ಕಿನಲ್ಲಿ ಹಿಮದ ನೆಗೆತದಲ್ಲಿ ಬೆಳ್ಳಿ ಗೆದ್ದ. ಆಟಗಾರನಿಗೆ ಇಲ್ಲ ಎನ್ನುವ ಬಾಯಿ ಇರುತ್ತದೆ ಎಂಬುದಕ್ಕೆ ಇಷ್ಟು ಸಾಕು. ಆದರೆ ಒಂದು ಮಾತು ಸೇರಿಸದಿದ್ದರೆ ಅನ್ಯಾಯವಾದೀತು. ರೂಡ್ ಇಲ್ಲ ಎಂದದ್ದು ಹೊರಗಿನಿಂದ ಬಂದ ಶತ್ರುವಿಗೆ. ಕ್ರಾಂಟ್ಸ್ ಹೇಳಬೇಕಾಗಿದ್ದುದು ತನ್ನದೇ ಊರಿನ ಚಪ್ಪಾಳೆಗೆ. ಎರಡನೆಯದು ಹೆಚ್ಚು ಕಷ್ಟ.

ಎಷ್ಟು ಕಷ್ಟವೆಂಬುದು ನನಗೆ ಗೊತ್ತು. ಕುಪ್ಪಗಡ್ಡೆಯ ಆ ಸಭೆಯಲ್ಲಿ, ಹುಡುಗಿಗೆ ಅಂಕ ಕಡಿಮೆಯಾದಾಗ ನಾನು ಬಾಯಿ ತೆರೆಯಲಿಲ್ಲ. ಹಿರಿಯರೊಡನೆ ಏಕೆ ಜಗಳ, ಬಸ್ಸಿಗೆ ಹೊತ್ತಾಯಿತು ಎಂದುಕೊಂಡು ಅಂಕಪಟ್ಟಿಗೆ ಸಹಿ ಹಾಕಿದೆ. ಅಲ್ಲಿ ಹಿಟ್ಲರನಿರಲಿಲ್ಲ, ಸೆರೆಯಿರಲಿಲ್ಲ; ಇದ್ದದ್ದು ಒಂದು ಶಾಲು, ಒಂದು ಹಣ್ಣಿನ ಚೀಲ. ನಲವತ್ತಾರು ವರ್ಷದ ಎಂ.ಎ. ಪದವೀಧರ ಅಷ್ಟಕ್ಕೇ ಸುಮ್ಮನಾದವನು, ಇಪ್ಪತ್ತೊಂದರ ಕ್ರಾಂಟ್ಸಳನ್ನು ಶೂಲಕ್ಕೇರಿಸಲು ಯಾವ ಮುಖ ಇಟ್ಟುಕೊಂಡು ಹೊರಡಲಿ? ನಾನು ಹೊರಟಿಲ್ಲ. ತೀರ್ಪು ಕೊಡಿ ಎಂದು ನಾನು ಕೇಳುತ್ತಿಲ್ಲ. ಹೆಸರು ಹೇಳಿ ಎಂದು ಕೇಳುತ್ತಿದ್ದೇನೆ. ಯಾರ ಆಳ್ವಿಕೆಯಲ್ಲಿ, ಯಾರ ಪರವಾಗಿ, ಯಾರ ಕೆಲಸಕ್ಕಾಗಿ ಈ ಪರಾಕ್ರಮ ನಡೆಯಿತೆಂದು ಬರೆಯಿರಿ. ಮೆಚ್ಚುವುದು ಬಿಡುವುದು ಓದುವವರಿಗೆ ಸೇರಿದ್ದು.

ಇದು ಕನ್ನಡಕ್ಕೆ ಹೊಸ ಮಾತಲ್ಲ. ಕುಪ್ಪಗಡ್ಡೆಯಿಂದ ಯಾವ ದಿಕ್ಕಿಗೆ ಹೊರಟರೂ ವೀರಗಲ್ಲುಗಳು ಸಿಗುವ ನಾಡು ಇದು. ಸೊರಬದ ಶಾಸನಗಳನ್ನು ಬಿ. ಎಲ್. ರೈಸ್ ಅವರು 1904ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 8ನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಶಿಕಾರಿಪುರದವು ಅದಕ್ಕೂ ಎರಡು ವರ್ಷ ಮೊದಲೇ 7ನೆಯ ಸಂಪುಟದಲ್ಲಿ ಬಂದಿದ್ದವು. ದೇವಸ್ಥಾನದ ಮುಂದೆ, ಕೆರೆಯ ಏರಿಯ ಮೇಲೆ, ಕೆಲವೆಡೆ ಪಾಪ, ಬಟ್ಟೆ ಒಗೆಯುವ ಕಲ್ಲಾಗಿಯೂ ವೀರಗಲ್ಲುಗಳನ್ನು ನಮ್ಮ ಮಕ್ಕಳು ನೋಡಿದ್ದಾರೆ. ಸಾಮಾನ್ಯವಾಗಿ ಅದರಲ್ಲಿ ಮೂರು ಅಂಕಣ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಮೇಲಕ್ಕೆ ಒಯ್ಯುವುದು, ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ಅವನು ಕೈಮುಗಿದು ಕುಳಿತಿರುವುದು. ನಡುವಣ ಪಟ್ಟಿಗಳಲ್ಲಿ ಬರಹ.

ಆ ಬರಹ ಏನು ಹೇಳುತ್ತದೆ? ನನ್ನ ವಾದ ನಿಂತಿರುವುದೇ ಇಲ್ಲಿ. ಅದು ವೀರನ ಹೆಸರಿನಿಂದ ಶುರುವಾಗುವುದು ಅಪರೂಪ. ಇಂಥ ಅರಸನು ರಾಜ್ಯವಾಳುತ್ತಿರಲು, ಇಂಥ ವರ್ಷದಲ್ಲಿ, ಇಂಥ ಊರ ಮೇಲೆ ಇಂಥವರು ಬಿದ್ದಾಗ, ಇಂಥವನ ಮಗ ಇಂಥವನು ಇರಿದು ಸತ್ತು ಸುರಲೋಕಕ್ಕೆ ಸಂದನು ಎಂಬುದು ಅದರ ಕ್ರಮ. ತುರುಗೋಳೆ, ಊರಳಿವೆ, ಪೆಣ್ಬುಯ್ಯಲೆ, ಅಥವಾ ಒಡೆಯರಿಬ್ಬರ ಸ್ವಂತ ಜಗಳವೆ ಎಂಬುದನ್ನು ಕಲ್ಲು ಮುಚ್ಚಿಡುವುದಿಲ್ಲ. ಹೆಂಗಸರ ಮಾನ ಕಾಯಲು ಸತ್ತವನೂ ಯಾವನೋ ಸಾಮಂತನ ದುರಾಸೆಗಾಗಿ ಸತ್ತವನೂ ಒಂದೇ ಕೈಲಾಸಕ್ಕೆ ಹೋಗುತ್ತಾರೆ, ನಿಜ. ಆದರೆ ಇಬ್ಬರೂ ಏತಕ್ಕೆ ಸತ್ತರೆಂದು ಕೆಳಗೆ ಬರೆದಿರುತ್ತದೆ. ಉಂಡ ಅನ್ನದ ಋಣಕ್ಕೆ ಕತ್ತಿ ಹಿಡಿಯುವುದನ್ನು ನಮ್ಮ ಹಳಬರು ಜೋಳವಾಳಿ ಎಂದು ಕರೆದರು. ಆ ಜೋಳ ಯಾರ ಮನೆಯದು ಎಂದು ಹೇಳಲು ಅವರು ನಾಚಲಿಲ್ಲ.

ಕಲ್ಲುಕುಟಿಗನಿಗೆ ತಿಳಿದಿದ್ದ ಈ ಮರ್ಯಾದೆ ಲೇಖನಿ ಹಿಡಿದವರಿಗೆ ಏಕೆ ತಿಳಿಯದು? ಒಡೆಯನ ಹೆಸರು ಹೇಳಿದರೆ ವೀರ ಸಣ್ಣವನಾಗುತ್ತಾನೆಂಬ ಭಯವೆ? ಪಂಪನನ್ನು ನೋಡಿ. ವಿಕ್ರಮಾರ್ಜುನ ವಿಜಯದಲ್ಲಿ ಅವನು ತನಗೆ ಆಶ್ರಯ ಕೊಟ್ಟ ಅರಿಕೇಸರಿಯನ್ನು ಅರ್ಜುನನೊಡನೆ ಸೇರಿಸಿ ಹಾಡಿದ. ಸಾವಿರ ವರ್ಷ ಕಳೆದರೂ ಯಾವ ಕನ್ನಡ ಮೇಷ್ಟ್ರೂ ಅರಿಕೇಸರಿಯ ಹೆಸರನ್ನು ಬಿಟ್ಟು ಪಂಪನ ಪಾಠ ಮಾಡಿದ್ದಿಲ್ಲ. ಎಲ್ಲಿ ಕವಿ ಒಡೆಯನಿಗೆ ಋಣ ತೀರಿಸಿದ್ದಾನೆ, ಎಲ್ಲಿ ಅವನನ್ನು ಮೀರಿ ಕರ್ಣನ ಕಡೆಗೆ ವಾಲಿದ್ದಾನೆ ಎಂದು ನಾವು ವಿದ್ಯಾರ್ಥಿಗಳೊಡನೆ ಚರ್ಚಿಸುತ್ತೇವೆ. ಪರೀಕ್ಷೆಯಲ್ಲಿ ಪ್ರಶ್ನೆಯನ್ನೂ ಕೇಳುತ್ತೇವೆ. ಅದರಿಂದ ಪಂಪ ಸಣ್ಣವನಾದನೆ? ಆಶ್ರಯದಾತನ ಹೆಸರು ಗೊತ್ತಿದ್ದರೇ ಕವಿ ಎಷ್ಟು ದೊಡ್ಡವನೆಂಬುದು ಗೊತ್ತಾಗುವುದು. ಮಹಾಕವಿಗೆ ಸಲ್ಲುವ ನ್ಯಾಯ ಓಟಗಾರ್ತಿಗೆ ಏಕೆ ಸಲ್ಲಬಾರದು?

ಅಷ್ಟು ದೂರವೇಕೆ, ದೀಪಾವಳಿಯ ಮರುದಿನಗಳಲ್ಲಿ ನಮ್ಮ ಕಡೆ ಹೋರಿ ಬೆದರಿಸುವ ಹಬ್ಬ ನಡೆಯುತ್ತದೆ. ಕೊಬ್ಬರಿಯ ಸರ ಕಟ್ಟಿಕೊಂಡ ಹೋರಿ ಜನರ ಸಾಲನ್ನು ಸೀಳಿಕೊಂಡು ಓಡುತ್ತದೆ. ಕೂಗಿ ಹೇಳುವವನು ಹೋರಿಯ ಹೆಸರನ್ನು ಹೇಳುತ್ತಾನೆ. ಅದು ಯಾವ ಊರಿನ ಯಾರ ಮನೆಯ ಹೋರಿ ಎಂದೂ ಹೇಳುತ್ತಾನೆ. ಹೋರಿಯ ಪಾಲಿಗೆ ನಾವು ತೋರಿಸುವ ಪ್ರಾಮಾಣಿಕತೆಯನ್ನು ಮನುಷ್ಯರ ಪಾಲಿಗೆ ತೋರಿಸಲು ಹಿಂಜರಿಯುತ್ತೇವೆ.

ಇನ್ನೊಂದು ಆಕ್ಷೇಪ ಉಳಿದಿದೆ. ಜರ್ಮನಿಯ ಕಥೆ ನಮಗೇಕೆ, ನಮ್ಮವರ ಕಥೆ ಹೇಳಿ ಎನ್ನುವವರಿದ್ದಾರೆ. ಹೇಳುತ್ತೇನೆ, ಅದೂ ಬೆಲ್ಜಿಯಮ್ಮಿಗೇ ಹೋಗುವ ಕಥೆ. ಯುದ್ಧದಲ್ಲಿ ನೊಂದ ಆ ನಾಡಿನ ಗೌರವಾರ್ಥವಾಗಿ 1920ರ ಒಲಿಂಪಿಕ್ ಪಂದ್ಯಗಳನ್ನು ಅಲ್ಲಿನ ಆಂಟ್‌ವರ್ಪ್ ನಗರದಲ್ಲಿ ನಡೆಸಿದರು. ಜರ್ಮನಿಗೆ ಕರೆಯೇ ಹೋಗಲಿಲ್ಲ. ಆಟಕ್ಕೂ ರಾಜಕೀಯಕ್ಕೂ ಸಂಬಂಧವಿಲ್ಲ, ನೋಡಿ! ಆ ಪಂದ್ಯಗಳಿಗೆ ಇಲ್ಲಿಂದ ಹೋದ ಪುಟ್ಟ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಆಗ ಅವರಿಗೆ ಹದಿನೆಂಟರ ಆಸುಪಾಸು. ಪುಣೆಯ ಡೆಕ್ಕನ್ ಜಿಮ್‌ಖಾನಾದ ಪಂದ್ಯಗಳಲ್ಲಿ ರೈತಾಪಿ ಹುಡುಗರು ಬರಿಗಾಲಲ್ಲಿ ದೂರ ಓಡುವುದನ್ನು ಕಂಡ ದೊರಾಬ್‌ಜಿ ಟಾಟಾ ಅವರ ಆಸಕ್ತಿಯಿಂದ, ಅವರ ಹಣದ ನೆರವಿನಿಂದ ಆ ತಂಡ ಹೊರಟಿತು.

1920ರ ಆಗಸ್ಟ್ 22ರಂದು ಚೌಗುಲೆಯವರು ಮ್ಯಾರಥಾನ್ ಓಡಿದರು. ಆ ವರ್ಷದ ದೂರ 42,750 ಮೀಟರು. ಒಲಿಂಪಿಕ್ ಮ್ಯಾರಥಾನ್‌ಗಳಲ್ಲೆಲ್ಲ ಅತ್ಯಂತ ಉದ್ದದ್ದು. 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ 19ನೆಯವರಾದರು. ಗೆದ್ದ ಫಿನ್‌ಲೆಂಡಿನ ಹಾನೆಸ್ ಕೊಲೆಹ್ಮೈನನ್‌ಗಿಂತ ಹದಿನೆಂಟು ನಿಮಿಷ ಹಿಂದೆ. ಜೊತೆಗೆ ಓಡಿದ ಸದಾಶಿವ ದಾತಾರರಿಗೆ ಓಟ ಮುಗಿಸಲಾಗಲಿಲ್ಲ. ಕೊಳ್ಳಲು ಬೂಟಿಲ್ಲದವರ ನಾಡಿನಿಂದ ಹೋದ ಹುಡುಗ, ಹಡಗು ಹತ್ತಿ, ಗೊತ್ತಿಲ್ಲದ ಚಳಿಯಲ್ಲಿ, ಹತ್ತೊಂಬತ್ತನೆಯವನಾದದ್ದು ಸಣ್ಣ ಮಾತೆ?

ಆದರೆ ಚೌಗುಲೆಯವರ ಹೆಸರನ್ನು ನನ್ನ ತರಗತಿಯಲ್ಲಿ ಕೇಳಿದೆ, ಒಬ್ಬರೂ ಅರಿಯರು. ಏಕೆ? ನನಗೆ ತೋರುವುದು ಇದು. ಅವರು ಓಡಿದ್ದು ಬ್ರಿಟಿಷರ ಇಂಡಿಯದ ಹೆಸರಿನಲ್ಲಿ. ಜಲಿಯನ್‌ವಾಲಾ ಬಾಗ್ ಹತ್ಯೆ ನಡೆದು ಆಗ ಹದಿನಾರು ತಿಂಗಳು. ಅದೇ ಆಗಸ್ಟ್ ತಿಂಗಳ 1ರಂದು ತಿಲಕರು ತೀರಿಕೊಂಡರು; ಅದೇ ದಿನ ಗಾಂಧೀಜಿಯವರ ಅಸಹಕಾರ ಚಳವಳಿ ಮೊದಲಾಯಿತು. ಆಳುವವರಿಗೆ ಹತ್ತೊಂಬತ್ತನೆಯ ಸ್ಥಾನದಿಂದ ಪ್ರಯೋಜನವಿರಲಿಲ್ಲ. ಹೋರಾಡುವವರಿಗೆ ಆಳುವವರ ಹೆಸರಿನಲ್ಲಿ ಓಡಿದವರು ಬೇಕಾಗಿರಲಿಲ್ಲ. ಮುಂದೆ ಬೆಳಗಾವಿ ನಮ್ಮದು ತಮ್ಮದು ಎಂಬ ಜಗಳ ಎದ್ದಾಗಲೂ ಎರಡು ಕಡೆಯವರಿಗೂ ಅವರ ನೆನಪಾಗಲಿಲ್ಲ. ಅವರ ಮನೆಮಾತು ಯಾವುದೆಂಬ ಜಗಳಕ್ಕೆ ನಾನೂ ಇಳಿಯುವುದಿಲ್ಲ. ಬೆಳಗಾವಿಯ ನೆಲದ ಮೇಲೆ ಓಡಿ ಕಲಿತವರು ಎಂಬಷ್ಟೇ ಸಾಕು.

ಕ್ರಾಂಟ್ಸಳಿಗೆ ಒಡೆಯನಿದ್ದ, ಆದ್ದರಿಂದ ಗೆಲುವಿಗೆ ಬೆಳಕು ಬಿತ್ತು. ಚೌಗುಲೆಯವರ ಓಟ ಯಾವ ಒಡೆಯನ ಕೆಲಸಕ್ಕೂ ಬರಲಿಲ್ಲ. ಆದ್ದರಿಂದ ಕತ್ತಲೆಗೆ ಸರಿಯಿತು. ಆಟಕ್ಕೆ ರಾಜಕೀಯ ಬೇಡವೆಂದು ನಾವು ಕಣ್ಣು ಮುಚ್ಚಿದಾಗ ರಾಜಕೀಯವೇನೂ ಹೊರಗೆ ಹೋಗುವುದಿಲ್ಲ. ಯಾರನ್ನು ನೆನೆಯಬೇಕು, ಯಾರನ್ನು ಮರೆಯಬೇಕು ಎಂದು ನಮಗೆ ಕಾಣದಂತೆ ತಾನೇ ತೀರ್ಮಾನಿಸುತ್ತದೆ. ಒಡೆಯನ ಹೆಸರು ಮುಚ್ಚಿಡುವ ಬರಹ ನಿಷ್ಪಕ್ಷಪಾತವಲ್ಲ. ಅದು ಒಡೆಯನ ಪಕ್ಷ.

ಆದುದರಿಂದ ನಮ್ಮ ಮಕ್ಕಳಿಗಾಗಿ ಕ್ರೀಡಾಪಟುಗಳ ಕಥೆ ಬರೆಯುವವರಲ್ಲಿ ನನ್ನ ವಿನಂತಿ ಇಷ್ಟೆ. ವೀರಗಲ್ಲಿನ ಕ್ರಮವನ್ನು ಹಿಡಿಯಿರಿ. ಜರ್ಮನಿಯನ್ನು ಹಿಟ್ಲರ್ ಆಳುತ್ತಿರಲು, 1936ನೆಯ ಇಸವಿಯಲ್ಲಿ, ಫಲಕಗಳನ್ನು ತೆಗೆಸಿ ಗುಡಿಸಿದ ಊರಿನಲ್ಲಿ, ಕ್ರಿಸ್ಟಲ್ ಕ್ರಾಂಟ್ಸ್ ಎಂಬವಳು ಬಿದ್ದು ಎದ್ದು ಎಲ್ಲರನ್ನೂ ಗೆದ್ದಳು ಎಂದು ಬರೆಯಿರಿ. ಇಂಡಿಯವನ್ನು ಬ್ರಿಟಿಷರು ಆಳುತ್ತಿರಲು, 1920ನೆಯ ಇಸವಿಯಲ್ಲಿ, ಬೆಳಗಾವಿಯ ಫಡೆಪ್ಪ ಚೌಗುಲೆ ಎಂಬವರು ಆಂಟ್‌ವರ್ಪಿನಲ್ಲಿ 42,750 ಮೀಟರು ಓಡಿ ನಿಲ್ಲದೆ ಮುಗಿಸಿದರು ಎಂದು ಬರೆಯಿರಿ. ಇದರಲ್ಲಿ ಸ್ಫೂರ್ತಿ ಕಡಿಮೆಯಾಯಿತೆಂದು ತೋರುವವರು ಆ ಕುಪ್ಪಗಡ್ಡೆಯ ಹುಡುಗಿಯನ್ನು ಕೇಳಲಿ. ಯೋಚಿಸಿದ ಮೇಲೂ ಮೆಚ್ಚದೆ ಇರಲಾರೆ ಎಂದವಳು ಅವಳು. ಎರಡನ್ನೂ ಒಟ್ಟಿಗೆ ಹಿಡಿಯಬಲ್ಲ ಮನಸ್ಸು ಮಕ್ಕಳಿಗಿದೆ, ಇಲ್ಲದಿರುವುದು ತೀರ್ಪುಗಾರರಿಗೆ.

ಈ ವರ್ಷವೂ ಅದೇ ಸ್ಪರ್ಧೆಗೆ ನನಗೆ ಕರೆ ಬಂದಿದೆ. ಹೋಗುತ್ತೇನೆ. ಶಾಲು ಬೇಡವೆಂದು ತಿಳಿಸಿದ್ದೇನೆ. ಅಂಕಪಟ್ಟಿಗೆ ಸಹಿ ಹಾಕುವ ಮೊದಲು ಈ ಸಲ ಮಾತಾಡುತ್ತೇನೆ; ಬಸ್ಸು ತಪ್ಪಿದರೆ ತಪ್ಪಲಿ.